ಸ್ವಿಸ್ ಹಳ್ಳಿಯ ಕುಣಿತ, ನಗರದ ಬಾಲ್‌ರೂಮ್: ಯಾವುದು ಯಾರಿಂದ ಬಂತು?

ಪ್ರಶ್ನೆ: ಸ್ವಿಟ್ಜರ್‌ಲೆಂಡ್‌ನ ಹುಲ್ಲುಗಾವಲಿನಲ್ಲಿ ನಮ್ಮ ಸಿನಿಮಾ ನಾಯಕ ನಾಯಕಿಯರು ಕುಣಿಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಅಲ್ಲಿಯ ಜನ ತಾವೇ ಏನು ಕುಣಿಯುತ್ತಿದ್ದರು ಎಂಬುದು ಗೊತ್ತಿಲ್ಲ. ಅವರಿಗೆ ಸ್ವಂತ ಜನಪದ ಕುಣಿತ ಇದೆಯೇ, ಇಲ್ಲ ಎಲ್ಲವೂ ಸುತ್ತಲಿನ ದೇಶಗಳಿಂದ ಬಂದದ್ದೇ? ವಾಲ್ಟ್ಸ್‌ನಂಥ ಬಾಲ್‌ರೂಮ್ ನೃತ್ಯ ಹಳ್ಳಿ ಮುಟ್ಟಿದ್ದು ಹೇಗೆ? ಮುಂದಿನ ವರ್ಷ ಅಲ್ಲಿಗೆ ಹೋಗುವ ಯೋಚನೆ ಇದೆ; ನೋಡಲು ಏನು ಸಿಗುತ್ತದೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸ್ವಿಸ್ ಜನಪದ ಕುಣಿತ ಎಂದು ಇವತ್ತು ನೀವು ನೋಡುವುದರಲ್ಲಿ ಬಹುಪಾಲು 19ನೇ ಶತಮಾನದಲ್ಲಿ ಯುರೋಪಿನ ನಗರಗಳ ಬಾಲ್‌ರೂಮ್‌ಗಳನ್ನು ಆಳಿದ ನೃತ್ಯವೇ: ವಾಲ್ಟ್ಸ್, ಪೋಲ್ಕಾ, ಮಜುರ್ಕಾ, ಶೊಟಿಶ್. ನಗರಗಳು ಅವನ್ನು ಮರೆತವು, ಹಳ್ಳಿಗಳು ಇಟ್ಟುಕೊಂಡವು. ಇನ್ನೊಂದು ಕಡೆ, ಬಾಲ್‌ರೂಮಿನ ರಾಣಿ ಎನಿಸಿದ ವಾಲ್ಟ್ಸ್ ಆಲ್ಪ್ಸ್ ಪ್ರದೇಶದ ರೈತರ ಗಿರಕಿ ಕುಣಿತಗಳಿಂದ ಮೇಲೆದ್ದು ಬಂದದ್ದು. ಹಾಗಾಗಿ ‘ಸ್ವಂತದ್ದೇ, ಎರವಲೇ’ ಎಂದು ಕೇಳಿದರೆ ಎರಡಕ್ಕೂ ಹೌದು ಎನ್ನಬೇಕಾಗುತ್ತದೆ. ಅದು ಹೇಗಾಯಿತು ಎಂಬುದೇ ಈ ಇತಿಹಾಸದ ಸ್ವಾರಸ್ಯ.

ಜೋಡಿಯಾಗಿ ತಬ್ಬಿ ತಿರುಗುವ ಕುಣಿತಕ್ಕೂ ಹಿಂದೆ ಇದ್ದದ್ದು ಕೈಕೈ ಹಿಡಿದು, ಹಾಡುತ್ತ ಸಾಗುವ ಸರಪಳಿ ಕುಣಿತ. ಫ್ರೆಂಚ್ ಮಾತಾಡುವ ಗ್ರುಯೇರ್ ಸೀಮೆಯಲ್ಲಿ ಅದಕ್ಕೆ ‘ಕೊರೋಲ್’ ಎನ್ನುತ್ತಿದ್ದರು. ಆ ಸೀಮೆಯ ಐತಿಹ್ಯವೊಂದು ಹೀಗಿದೆ: ಒಂದು ಭಾನುವಾರ ಸಂಜೆ ಗ್ರುಯೇರ್ ಕೋಟೆಯ ಕೆಳಗಿನ ಹುಲ್ಲಿನಲ್ಲಿ ಏಳು ಜನ ಕುಣಿಯತೊಡಗಿದರು. ಅಲ್ಲಿಯ ಕೌಂಟ್, ಅಂದರೆ ಆ ಸೀಮೆಯ ದೊರೆ, ತಾನೂ ಸೇರಿಕೊಂಡ. ಸಾಲು ಊರಿಂದೂರಿಗೆ ಕಣಿವೆಯ ಮೇಲಕ್ಕೆ ಸಾಗಿತು, ದಾರಿಯಲ್ಲಿ ಸಿಕ್ಕವರೆಲ್ಲ ಕೈ ಜೋಡಿಸಿದರು. ಮಂಗಳವಾರ ಬೆಳಿಗ್ಗೆ ಸಾನೆನ್ ಊರಿನ ಸಂತೆ ಬಯಲು ಮುಟ್ಟುವ ಹೊತ್ತಿಗೆ ಕುಣಿಯುವವರು ಏಳುನೂರು! ಇದನ್ನು ವರದಿಯೆಂದು ಯಾರೂ ಓದಬಾರದು. ಆದರೂ ನನಗೆ ಇದು ಬಹಳ ಇಷ್ಟ, ಏಕೆಂದರೆ ಒಂದು ಸೀಮೆ ತನ್ನನ್ನು ತಾನು ಕುಣಿತದ ಮೂಲಕ ನೆನಪಿಟ್ಟುಕೊಂಡಿದೆ. ಆ ಕೌಂಟ್‌ಗಳ ವಂಶ ಸಾಲದಲ್ಲಿ ಮುಳುಗಿ 1550ರ ದಶಕದಲ್ಲಿ ದಿವಾಳಿಯಾಯಿತು. ಬರ್ನ್ ಮತ್ತು ಫ್ರೈಬೂರ್ ನಗರಗಳು ಆ ಸೀಮೆಯನ್ನು ಹಂಚಿಕೊಂಡವು. ಕತೆಯಲ್ಲಿ ಕುಣಿತ ಮುಗಿದ ಸಾನೆನ್, ಪ್ರಾಟೆಸ್ಟೆಂಟ್ ಬರ್ನ್‌ನ ಪಾಲಾಯಿತು. ಬರ್ನ್‌ನ ಆಳ್ವಿಕೆಯಲ್ಲಿ ಅಂಥ ಕುಣಿತಕ್ಕೆ ದಂಡ ಬೀಳುತ್ತಿತ್ತು.

ಇಲ್ಲಿಗೆ ಮುಖ್ಯ ತಿರುವು ಬಂತು. ಸುಮಾರು 1520ರಲ್ಲಿ ಬಾಸೆಲ್ ನಗರದ ಒಂದು ಮನೆಯ ಹೊರಗೋಡೆಯ ತುಂಬ ಕಲಾವಿದ ಹೋಲ್‌ಬೈನ್ ಕುಣಿಯುವ ರೈತರ ಸಾಲನ್ನೇ ಬಿಡಿಸಿದ್ದ. ಮನೆಗೆ ‘ಕುಣಿತದ ಮನೆ’ ಎಂದೇ ಹೆಸರು. ಇಂದು ಆ ಮನೆ ಉಳಿದಿಲ್ಲ, ಚಿತ್ರದ ಕರಡುಗಳಿಂದ ಅದು ಹೇಗಿತ್ತೆಂದು ತಿಳಿಯುತ್ತದೆ. ಭಾರವಾದ ಕಾಲುಗಳು, ಹಾರುವ ಲಂಗಗಳು, ಗಾಳಿಯಲ್ಲಿ ಎದ್ದ ಕೈಗಳು. ಇದಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಬಾಸೆಲ್, ಬರ್ನ್, ಜ್ಯೂರಿಕ್ ಮೂರೂ ಸುಧಾರಣೆಯ, ಅಂದರೆ ಪ್ರಾಟೆಸ್ಟೆಂಟ್, ಪಂಥಕ್ಕೆ ಸೇರಿದ್ದವು. ಕುಣಿತವನ್ನು ಪಾಪದ ಬಾಗಿಲೆಂದು ಕಂಡ ನೀತಿ ಆಜ್ಞೆಗಳು ಒಂದರ ಹಿಂದೊಂದು ಹೊರಬಿದ್ದವು.

ಕಟ್ಟುನಿಟ್ಟಿನಲ್ಲಿ ಜಿನೀವಾ ಎಲ್ಲರಿಗಿಂತ ಮುಂದೆ. ಪ್ರಾಟೆಸ್ಟೆಂಟ್ ಧರ್ಮಸುಧಾರಕ ಕ್ಯಾಲ್ವಿನ್ ಅಲ್ಲಿದ್ದಾಗ, 1546ರಲ್ಲಿ, ಊರಿನ ದೊಡ್ಡ ಮನೆತನದವರು ಒಂದು ಸಮಾರಂಭದಲ್ಲಿ ಕುಣಿದರೆಂಬ ಸುದ್ದಿ ಧರ್ಮಸಭೆಗೆ ಮುಟ್ಟಿತು. ಕುಣಿದವರಲ್ಲಿ ನಗರ ಪಡೆಯ ಮುಖ್ಯಸ್ಥ ಆಮಿ ಪೆರಾನ್ ಇದ್ದ. ನಗರದ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬನಾದ, ಧರ್ಮಸಭೆಯಲ್ಲೇ ಸ್ಥಾನವಿದ್ದ ಕೋರ್ನ್ ಕೂಡ ಇದ್ದ. ಇಬ್ಬರೂ ಸೆರೆಮನೆ ಕಂಡರು. ಅಧಿಕಾರಸ್ಥರಿಗೇ ಹೀಗಾದರೆ ಸಾಮಾನ್ಯರ ಪಾಡು ಊಹಿಸಬಹುದು. ಬರ್ನ್‌ನ ಹಳ್ಳಿಗಳಲ್ಲಿ ಊರಿನ ಪಾದ್ರಿ ಮತ್ತು ಹಿರಿಯರು ಸೇರಿದ ನೀತಿ ನ್ಯಾಯಾಲಯಗಳಿದ್ದವು. ಕುಣಿದವರಿಗೆ, ಅವರಿಗೆ ಪಿಟೀಲು ನುಡಿಸಿದವನಿಗೆ, ಅಂಗಳ ಕೊಟ್ಟ ಹೋಟೆಲಿನವನಿಗೆ ಅವು ದಂಡ ಹಾಕುತ್ತಿದ್ದವು. ಆ ಕಾಲದ ಹಳ್ಳಿ ಕುಣಿತದ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಈ ದಂಡದ ಪುಸ್ತಕಗಳಿಂದಲೇ ಬಂದದ್ದು. ಒಂದೇ ಆಜ್ಞೆಯನ್ನು ಮೂರು ಶತಮಾನ ಮತ್ತೆ ಮತ್ತೆ ಹೊರಡಿಸಬೇಕಾಯಿತು ಎಂದರೆ ಜನ ನಿಲ್ಲಿಸಲಿಲ್ಲ ಎಂದೇ ಅರ್ಥ. ಕೊಟ್ಟಿಗೆಯ ಅಟ್ಟದಲ್ಲಿ, ಬೇಸಿಗೆಯ ಮೇವುಗಾಡಿನ ಎತ್ತರದಲ್ಲಿ, ಗಡಿ ದಾಟಿದ ಪಕ್ಕದೂರಿನಲ್ಲಿ ಕುಣಿತ ನಡೆದೇ ಇತ್ತು.

ಕನ್ನಡಿಗರಿಗೆ ಬಾಸೆಲ್ ಎಂದರೆ ಕಿಟೆಲ್ ನಿಘಂಟು, ಮಂಗಳೂರು ಹೆಂಚು. 1815ರಲ್ಲಿ ಆ ನಗರದಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಯಟಿಸ್ಟ್, ಅಂದರೆ ಭಕ್ತಿ ಮತ್ತು ಶಿಸ್ತಿಗೆ ಒತ್ತು ಕೊಡುವ ಪ್ರಾಟೆಸ್ಟೆಂಟ್, ಪರಂಪರೆಯದು. ಕುಣಿತ, ಇಸ್ಪೀಟು, ನಾಟಕಗಳನ್ನು ದೂರವಿಟ್ಟ ಪರಂಪರೆ ಅದು. ನಮ್ಮ ಕರಾವಳಿ ಕಂಡ ಬಾಸೆಲ್ ಕುಣಿಯದ ಬಾಸೆಲ್.

ಕ್ಯಾಥೊಲಿಕ್ ಕ್ಯಾಂಟನ್‌ಗಳಾದ (ಕ್ಯಾಂಟನ್ ಎಂದರೆ ಸ್ವಿಸ್ ರಾಜ್ಯ) ಶ್ವೀಟ್ಸ್, ಊರಿ, ಉಂಟರ್‌ವಾಲ್ಡನ್, ಒಳ ಅಪೆನ್‌ತ್ಸೆಲ್‌ಗಳಲ್ಲಿ ಕಟ್ಟು ಬೇರೆ ರೀತಿಯದು. ಅಲ್ಲಿ ಕುಣಿತ ಪಾಪವಲ್ಲ, ಆದರೆ ಅದಕ್ಕೊಂದು ಪಂಚಾಂಗ ಇತ್ತು. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳಲ್ಲಿ ಇಲ್ಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಇಲ್ಲ. ಆ ಉಪವಾಸಕ್ಕೆ ಮುಂಚಿನ ಹಬ್ಬವಾದ ಕಾರ್ನಿವಲ್‌ನಲ್ಲಿ ಉಂಟು, ಊರಿನ ಚರ್ಚಿನ ಜಾತ್ರೆಯಾದ ‘ಕಿಲ್ಬಿ’ಯಲ್ಲಿ ಉಂಟು. 19ನೇ ಶತಮಾನದಲ್ಲೂ ಕುಣಿತದ ಭಾನುವಾರಗಳನ್ನು ಸರ್ಕಾರಗಳೇ ನಿಗದಿ ಮಾಡುತ್ತಿದ್ದವು. ಪವಿತ್ರ ದಿನಗಳ ಕುಣಿತ ನಿಷೇಧವಂತೂ ಕೆಲವು ಕ್ಯಾಂಟನ್‌ಗಳ ಕಾನೂನಿನಲ್ಲಿ ತೀರಾ ಇತ್ತೀಚಿನವರೆಗೆ ಉಳಿದಿತ್ತು. ಇವತ್ತು ಅತಿ ಜೀವಂತವಾದ ಕುಣಿತದ ಊರುಗಳು ಬಹುತೇಕ ಈ ಕ್ಯಾಥೊಲಿಕ್ ಮಧ್ಯಭಾಗದಲ್ಲೇ ಇವೆ. ಅದು ಆಕಸ್ಮಿಕವಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಪೂರ್ತಿ ನಿಷೇಧಿಸಿದಲ್ಲಿ ತಲೆಮಾರುಗಳ ಕಲಿಕೆಯೇ ಮುರಿಯುತ್ತದೆ. ದಿನ ಗೊತ್ತುಮಾಡಿದಲ್ಲಿ ಜನ ಆ ದಿನಕ್ಕಾಗಿ ಕಾಯುತ್ತಾರೆ, ಮಕ್ಕಳಿಗೂ ಕಲಿಸುತ್ತಾರೆ.

ಕ್ಯಾಲ್ವಿನ್‌ನ ಅದೇ ಜಿನೀವಾದಲ್ಲಿ ಹುಟ್ಟಿದ ತತ್ತ್ವಚಿಂತಕ ರೂಸೋ 1758ರಲ್ಲಿ ಫ್ರೆಂಚ್ ವಿದ್ವಾಂಸ ದಾಲಂಬೇರ್‌ಗೆ ಒಂದು ದೀರ್ಘ ಪತ್ರ ಬರೆದ. ಊರಿಗೆ ರಂಗಮಂದಿರ ಬೇಡವೆಂದು ಅದರಲ್ಲಿ ವಾದಿಸಿದ. ಆದರೆ ಕುಣಿತ ಬೇಡವೆನ್ನಲಿಲ್ಲ, ಬದಲಿಗೆ ಅದಕ್ಕೆ ಬೆಂಬಲ ಕೊಟ್ಟ. ಮದುವೆ ವಯಸ್ಸಿನ ಯುವಕ ಯುವತಿಯರಿಗೆ, ತಂದೆ ತಾಯಿಯರೂ ಒಬ್ಬ ಅಧಿಕಾರಿಯೂ ಕೂತು ನೋಡುವಂತೆ, ಊರೇ ಬಾಲ್, ಅಂದರೆ ಕುಣಿತದ ಕೂಟ, ಏರ್ಪಡಿಸಬೇಕೆಂಬುದು ಅವನ ಸಲಹೆ. ಕದ್ದು ಸೇರುವುದಕ್ಕಿಂತ ಎಲ್ಲರೆದುರು ಕುಣಿಯುವುದು ಮೇಲು ಎಂಬ ತರ್ಕ. ಅದೇ ಪತ್ರದಲ್ಲಿ ಬಾಲ್ಯದ ಒಂದು ನೆನಪೂ ಇದೆ: ಸಾನ್ ಜೆರ್ವೆ ಪೇಟೆಯ ನಾಗರಿಕ ಪಡೆ ಕವಾಯತು ಮುಗಿಸಿ, ಊಟ ಮಾಡಿ, ಚೌಕದ ಕಾರಂಜಿಯ ಸುತ್ತ ಅಧಿಕಾರಿ ಸಿಪಾಯಿ ಭೇದವಿಲ್ಲದೆ ಕೈ ಹಿಡಿದು ಕುಣಿಯಿತು. ಕಿಟಕಿಯಿಂದ ನೋಡುತ್ತಿದ್ದ ಹೆಂಗಸರು ಕೆಳಗಿಳಿದು ಬಂದು ಸೇರಿಕೊಂಡರು. ಎರಡು ನೂರು ವರ್ಷಗಳ ಉಪದೇಶದ ನಂತರವೂ ಅಲ್ಲಿ ಸರಪಳಿ ಕುಣಿತ ಸತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ವಾಲ್ಟ್ಸ್ ವಿಷಯ. 18ನೇ ಶತಮಾನದ ಕೊನೆಗೆ ಆಸ್ಟ್ರಿಯಾ, ದಕ್ಷಿಣ ಜರ್ಮನಿ, ಜರ್ಮನ್ ಮಾತಾಡುವ ಸ್ವಿಟ್ಜರ್‌ಲೆಂಡ್ ಮೂರೂ ಕಡೆ ರೈತರು ಮೂರು ಎಣಿಕೆಯ ಜೋಡಿ ಕುಣಿತವೊಂದನ್ನು ಕುಣಿಯುತ್ತಿದ್ದರು. ಹೆಸರು ಲೆಂಡ್ಲರ್. ದಪ್ಪ ಅಟ್ಟೆಯ ಬೂಟು, ಒರಟು ಹಲಗೆಯ ನೆಲ. ಹಾಗಾಗಿ ನಡಿಗೆ ನಿಧಾನ. ಹೆಜ್ಜೆಯಲ್ಲಿ ಕುಪ್ಪಳಿಕೆ, ಕಾಲಿನ ಬಡಿತ, ಗಂಡಿನ ಕೈಯಡಿ ಹೆಣ್ಣಿನ ಗಿರಕಿ. ಇಂಥ ಕುಣಿತಗಳೇ ನಗರದ ನುಣುಪು ನೆಲಕ್ಕೆ, ತೆಳು ಬೂಟಿಗೆ ಬಂದಾಗ ವೇಗ ಹೆಚ್ಚಿತು, ಕುಪ್ಪಳಿಕೆ ಜಾರಿಕೆಯಾಯಿತು. ನೆಪೋಲಿಯನ್ ಯುದ್ಧಗಳ ಬಳಿಕ ಯುರೋಪಿನ ರಾಜರುಗಳು ಸೇರಿದ 1814–15ರ ವಿಯೆನ್ನಾ ಸಮಾವೇಶದ ಹೊತ್ತಿಗೆ ವಾಲ್ಟ್ಸ್ ಯುರೋಪಿನ ಮೇಲ್ವರ್ಗದ ಹುಚ್ಚಾಗಿತ್ತು. ಒಬ್ಬರನ್ನೊಬ್ಬರು ಹಿಡಿದು ಸುತ್ತುವ ಈ ಕುಣಿತವನ್ನು ಮರ್ಯಾದಸ್ಥರು ಮೊದಮೊದಲು ಅಸಹ್ಯವೆಂದರು. ಆಲ್ಪ್ಸ್‌ನ ರೈತರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

ಹೀಗೆ ಹಳ್ಳಿಯಿಂದ ಮೇಲೆ ಹೋದದ್ದಕ್ಕೆ ಪ್ರತಿಯಾಗಿ ಮೇಲಿನಿಂದ ಹಳ್ಳಿಗೆ ಇಳಿದದ್ದು ಪೋಲ್ಕಾ. ಬೊಹೀಮಿಯಾದಲ್ಲಿ (ಇಂದಿನ ಚೆಕ್ ದೇಶ) ಹುಟ್ಟಿ 1840ರ ದಶಕದಲ್ಲಿ ಪ್ಯಾರಿಸನ್ನು ಗೆದ್ದ ಈ ಎರಡು ಎಣಿಕೆಯ ಕುಣಿತ ಕೆಲವೇ ವರ್ಷಗಳಲ್ಲಿ ಯುರೋಪಿನ ಮೂಲೆ ಮೂಲೆ ತಲುಪಿತು. ಹಿಂದೆಯೇ ಪೋಲೆಂಡ್ ಮೂಲದ ಮಜುರ್ಕಾ, ಆಮೇಲೆ ಮೂರು ಹೆಜ್ಜೆ ಒಂದು ಕುಪ್ಪಳಿಕೆಯ ಶೊಟಿಶ್. ಹೊತ್ತು ತಂದವರು ಯಾರು? ಸ್ವಿಸ್ ಹಳ್ಳಿಗಳನ್ನು ಹೊರಜಗತ್ತಿನಿಂದ ಬೇರ್ಪಟ್ಟ ಕಣಿವೆಗಳೆಂದು ಕಲ್ಪಿಸುವವರು ಇಲ್ಲಿ ಎಡವುತ್ತಾರೆ. ಶತಮಾನಗಳ ಕಾಲ ಬಡ ಕಣಿವೆಗಳ ಗಂಡಸರು ಫ್ರಾನ್ಸ್, ಹಾಲೆಂಡ್, ನೇಪಲ್ಸ್‌ಗಳ ಸೈನ್ಯದಲ್ಲಿ ಕೂಲಿ ಸಿಪಾಯಿಗಳಾಗಿದ್ದರು. 1848ರ ಸಂವಿಧಾನ ಹೊಸ ಒಪ್ಪಂದಗಳನ್ನು ನಿಲ್ಲಿಸುವವರೆಗೂ ಇದು ನಡೆದಿತ್ತು. ಪೂರ್ವದ ಗ್ರೌಬುಂಡೆನ್ ಕ್ಯಾಂಟನ್‌ನವರು ಮಿಠಾಯಿ ಕೆಲಸಕ್ಕೆ ವೆನಿಸ್‌ವರೆಗೆ, ಅದರಾಚೆಗೂ ಹೋಗಿದ್ದರು. ಮರಳಿದಾಗ ಸಂಬಳದ ಜೊತೆ ಒಂದೆರಡು ರಾಗ, ಒಂದು ಹೊಸ ಹೆಜ್ಜೆಯೂ ಬಂತು. ಕ್ಲಾರಿನೆಟ್ ಮತ್ತು ಹಿತ್ತಾಳೆ ವಾದ್ಯಗಳು ಹಳ್ಳಿ ಸೇರಿದ್ದರಲ್ಲಿ ಸೈನ್ಯದ ಬ್ಯಾಂಡಿನ ಪಾಲು ದೊಡ್ಡದು. ದಕ್ಷಿಣದ ಟಿಚೀನೋದಲ್ಲಿ ಇಂದಿಗೂ ‘ಬಂದೆಲ್ಲಾ’ ಎಂಬ ಪುಟ್ಟ ಹಿತ್ತಾಳೆ ಮೇಳಗಳು ಇಟಲಿಯ ಧಾಟಿಯಲ್ಲೇ ವಾಲ್ಟ್ಸ್, ಮಜುರ್ಕಾ ನುಡಿಸುತ್ತವೆ. ವೋ ಮತ್ತು ವಾಲೇ ಕ್ಯಾಂಟನ್‌ಗಳ ‘ಮಾಂಫರೀನ್’ ಕುಣಿತ ಇಟಲಿಯ ಪಿಯೆಡ್‌ಮಾಂಟ್‌ನ ಮಾನ್‌ಫೆರ್ರಾಟೊ ಬೆಟ್ಟಗಳಿಂದ ಬಂದದ್ದು.

ಹೊರಗಿನದನ್ನು ಹಳ್ಳಿ ತನ್ನದಾಗಿಸಿಕೊಂಡ ಬಗೆಗೆ ವಾದ್ಯದ ಕತೆಯೇ ಅತ್ಯುತ್ತಮ ಉದಾಹರಣೆ. 1829ರಲ್ಲಿ ವಿಯೆನ್ನಾದಲ್ಲಿ ಪೇಟೆಂಟ್ ಪಡೆದ ಅಕಾರ್ಡಿಯನ್ ಬರ್ನ್ ಸೀಮೆಯ ಲಾಂಗ್‌ನೌ ಊರಿಗೆ ಬಂತು, ಅಲ್ಲಿಯ ಕುಶಲಕರ್ಮಿಗಳು ಅದರ ಸ್ಥಳೀಯ ರೂಪ ಕಟ್ಟಿದರು. ಆ ಶತಮಾನದ ಕೊನೆಗೆ ಶ್ವೀಟ್ಸ್‌ನಲ್ಲಿ ಐಕ್‌ಹಾರ್ನ್, ಇಟೆನ್, ನುಸ್‌ಬೌಮರ್ ಮುಂತಾದ ಕಸಬುದಾರರು ಅದನ್ನು ತಿದ್ದಿ ‘ಶ್ವೀಟ್ಸರ್‌ಎರ್ಗೆಲಿ’ ಮಾಡಿದರು. ಪುಟ್ಟ ಪೆಟ್ಟಿಗೆ, ಬಲಗೈಗೆ ರಾಗದ ಗುಂಡಿಗಳು, ಎಡಗೈಗೆ ಸಾಮಾನ್ಯವಾಗಿ 18 ಬೇಸ್ ಗುಂಡಿಗಳು. ಬಲಗೈಯ ಒಂದೇ ಗುಂಡಿಗೆ ತಿದಿ ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಹೀಗಾಗಿ ನುಡಿಸುವಾಗ ಒಂದು ಜಗ್ಗು ತಾನಾಗಿಯೇ ಹುಟ್ಟುತ್ತದೆ, ಕಾಲಿಗೆ ಬೇಕಾದ್ದು ಅದೇ. ಪರದೇಶದ ಹಾರ್ಮೋನಿಯಂ ನಮ್ಮ ಕಂಪನಿ ನಾಟಕಗಳಲ್ಲಿ ನಮ್ಮದೇ ಆದ ಹಾಗೆ ಇದೂ ಆಯಿತು. ಎರಡರ ಒಳಗೂ ಗಾಳಿಗೆ ನಡುಗುವ ಅದೇ ಲೋಹದ ರೀಡು. ಐದಾರು ಜನರ ಮೇಳ ಬೇಕಿದ್ದ ಕಡೆ ಈಗ ಒಬ್ಬ ಎರ್ಗೆಲಿಯವನಿದ್ದರೆ ಮದುವೆ ರಾತ್ರಿ ಕಳೆಯುತ್ತಿತ್ತು. ಹಳೆಯ ಪಿಟೀಲು ಮೇಳಗಳು ಅನೇಕ ಕಡೆ ಇದರಿಂದ ಮೂಲೆ ಸೇರಿದವು ಎಂಬ ನೋವೂ ಇದರೊಳಗೇ ಇದೆ. ಅಪೆನ್‌ತ್ಸೆಲ್ ಮಾತ್ರ ಪಟ್ಟು ಬಿಡಲಿಲ್ಲ. ಎರಡು ಪಿಟೀಲು, ಹಾಕ್‌ಬ್ರೆಟ್, ಚೆಲ್ಲೋ, ಡಬಲ್ ಬೇಸ್. ಅಲ್ಲಿಯ ಮೂಲ ಮೇಳ ಇಂದಿಗೂ ಇದೇ. ಹಾಕ್‌ಬ್ರೆಟ್ ಎಂದರೆ ನಮ್ಮ ಸಂತೂರ್‌ನಂತೆ ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ.

ಹಾಗಾದರೆ ಅವರದ್ದೇ ಎನ್ನಬಹುದಾದ ಕುಣಿತ ಯಾವುದು ಎಂದರೆ, ನಾನು ಮೊದಲು ತೋರಿಸುವುದು ಶ್ವೀಟ್ಸ್ ಕ್ಯಾಂಟನ್ನಿನ ಮುವೊಟಾಟಾಲ್ ಸುತ್ತಮುತ್ತಲಿನ ‘ಗೋಯರ್ಲರ್’. ಇದು ಲೆಂಡ್ಲರ್ ಲಯದ ಓಲೈಕೆಯ ಕುಣಿತ. ಹೆಣ್ಣು ತನ್ನ ಪಾಡಿಗೆ ಹಗುರಾಗಿ ತಿರುಗುತ್ತಾಳೆ. ಗಂಡು ಅವಳ ಸುತ್ತ ಹಾರುತ್ತಾನೆ, ನೆಲ ಒದೆಯುತ್ತಾನೆ, ಕೊನೆಗೆ ಇಬ್ಬರೂ ಕೂಡಿ ಸುತ್ತುತ್ತಾರೆ. ಇದರ ಜೊತೆಯದೇ ‘ಬೊಡೆಲೆ’, ಅಂದರೆ ವಾದ್ಯದ ಲಯಕ್ಕೆ ಎದುರು ಲಯವಾಗಿ ಬೂಟಿನಿಂದ ಹಲಗೆ ನೆಲವನ್ನು ಬಡಿಯುವ ಕಲೆ. ಒಳ್ಳೆಯ ಬೊಡೆಲೆಗಾರ ಇದ್ದರೆ ಬೇರೆ ತಾಳವಾದ್ಯ ಬೇಕಿಲ್ಲ, ಮೇಳಗಳಲ್ಲಿ ಡ್ರಮ್ ಇಲ್ಲದಿರುವುದು ಆಗ ಅರ್ಥವಾಗುತ್ತದೆ. ಇದನ್ನು ಯಾವ ನೃತ್ಯ ಶಾಲೆಯೂ ಬಾಲ್‌ರೂಮಿನಿಂದ ತಂದಿಲ್ಲ. ಅಪೆನ್‌ತ್ಸೆಲ್‌ನಲ್ಲಿ ‘ಹೀರಿಗ್’ ಎಂಬ ಒಂದು ಜೋಡಿಯ ಕುಣಿತವಿದೆ. ಅದರಲ್ಲಿ ಗಂಡು ಹೆಣ್ಣು ಸೇರುತ್ತಾರೆ, ಮುನಿಸಿಕೊಳ್ಳುತ್ತಾರೆ, ರಾಜಿಯಾಗುತ್ತಾರೆ. ಮಾತಿಲ್ಲದೆ ಒಂದು ಪುಟ್ಟ ಪ್ರಸಂಗ ಮುಗಿಯುತ್ತದೆ.

ಬಾಲ್‌ರೂಮ್ ಎಂಬ ಕಟ್ಟಡ, ಅದರ ಶಿಷ್ಟಾಚಾರ ಹಳ್ಳಿಗೆ ಹತ್ತಿರ ಬಂದದ್ದು ಪ್ರವಾಸದಿಂದ. 1805ರ ಆಗಸ್ಟಿನಲ್ಲಿ ಇಂಟರ್‌ಲಾಕನ್ ಬಳಿ ಉನ್‌ಸ್ಪುನ್ನೆನ್ ಕೋಟೆಯ ಪಾಳಿನಲ್ಲಿ ಬರ್ನ್‌ನ ಗಣ್ಯರು ಕುರುಬರ ಉತ್ಸವ ನಡೆಸಿದರು. 1798ರ ಕ್ರಾಂತಿಯಲ್ಲಿ ಬರ್ನ್‌ನಿಂದ ಬೇರೆಯಾಗಿ, 1803ರಲ್ಲಿ ಮತ್ತೆ ಸೇರಿದ ಮಲೆನಾಡಿನವರನ್ನು ಒಲಿಸಿಕೊಳ್ಳುವ ಉದ್ದೇಶ ಅದರ ಹಿಂದಿತ್ತು. ಕುಸ್ತಿ, ಕಲ್ಲೆಸೆತ, ಆಲ್ಪ್‌ಹಾರ್ನ್ ಎಂಬ ಉದ್ದನೆಯ ಮರದ ಕಹಳೆ, ಹಾಡು, ಕುಣಿತ. 1808ರ ಎರಡನೆಯ ಉತ್ಸವಕ್ಕೆ ಲೇಖಕಿ ಮದಾಮ್ ದ ಸ್ತಾಲ್ ಬಂದಳು, ಚಿತ್ರಕಾರ್ತಿ ವಿಜೇ ಲ ಬ್ರಾಂ ಅದನ್ನು ಚಿತ್ರಿಸಿದಳು. ಅಲ್ಲಿಂದ ಮುಂದೆ ಯುರೋಪಿನ ಸಿರಿವಂತರಿಗೆ ‘ಕುಣಿಯುವ ಕುರುಬ’ ಒಂದು ನೋಟವಾದ. ಆ ಸಿರಿವಂತರಿಗಾಗಿ ಎದ್ದ ಹೋಟೆಲುಗಳು, ಕುರ್‌ಸಾಲ್ ಎಂಬ ಮನರಂಜನಾ ಮಂದಿರಗಳು ಸೇಂಟ್ ಮೊರಿಟ್ಸ್, ದಾವೋಸ್, ಮಾಂತ್ರೋ, ಇಂಟರ್‌ಲಾಕನ್‌ಗಳಲ್ಲಿ ತಮ್ಮದೇ ಬಾಲ್‌ರೂಮ್ ಲೋಕ ಕಟ್ಟಿದವು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಟ್ಯಾಂಗೊ, ಫಾಕ್ಸ್‌ಟ್ರಾಟ್, ಚಾರ್ಲ್ಸ್‌ಟನ್ ಕೂಡ ಈ ಬಾಗಿಲುಗಳಿಂದ ಒಳಬಂದವು.

1920, 30ರ ದಶಕಗಳ ಜ್ಯೂರಿಕ್ ಮಾತ್ರ ನಿಂತು ನೋಡುವಂಥದ್ದು. ಮಧ್ಯ ಸ್ವಿಟ್ಜರ್‌ಲೆಂಡ್‌ನಿಂದ ಕೆಲಸಕ್ಕೆ ಬಂದ ಸಾವಿರಾರು ಜನ ಅಲ್ಲಿದ್ದರು. ನೀಡರ್‌ಡಾರ್ಫ್ ಬೀದಿಯ ಹೋಟೆಲುಗಳಲ್ಲಿ ಸ್ಟಾಕರ್ ಸೆಪ್‌ನ ಮೇಳ, ಕ್ಲಾರಿನೆಟ್ ವಾದಕ ಕಾಸಿ ಗೈಸರ್ ಮುಂತಾದವರು ಅವರಿಗೆ ಊರಿನ ಸಂಗೀತ ನುಡಿಸಿದರು. ಧ್ವನಿಮುದ್ರಿಕೆಗಳು ಬಂದವು, 1931ರಿಂದ ಬೆರೊಮ್ಯೂನ್‌ಸ್ಟರ್ ರೇಡಿಯೊ ಬಂತು. ಇವತ್ತು ‘ಲೆಂಡ್ಲರ್ ಸಂಗೀತ’ ಎಂದರೆ ಕಿವಿಗೆ ಬರುವ ಧಾಟಿ, ಅಂದರೆ ಕ್ಲಾರಿನೆಟ್, ಎರ್ಗೆಲಿ ಅಥವಾ ಅಕಾರ್ಡಿಯನ್, ಬೇಸ್, ಕೆಲವೊಮ್ಮೆ ಪಿಯಾನೊ, ಬಹುಪಾಲು ಗಟ್ಟಿಯಾದದ್ದು ಈ ನಗರದಲ್ಲೇ. ಆಗಿನ ಮೇಳಗಳು ಸ್ಯಾಕ್ಸೊಫೋನ್ ಬಳಸಿದವು, ಅದೇ ರಾತ್ರಿ ಲೆಂಡ್ಲರ್ ಜೊತೆ ಫಾಕ್ಸ್‌ಟ್ರಾಟ್ ಕೂಡ ನುಡಿಸಿದವು. ಕುಣಿಯುವವರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ.

ವಿರೋಧ ಕಂಡದ್ದು ಸಂಘ ಸಂಸ್ಥೆಗಳಿಗೆ. 1926ರಲ್ಲಿ ರಾಷ್ಟ್ರೀಯ ಉಡುಪು ಮತ್ತು ಜನಪದ ಗೀತೆಗಳ ಒಕ್ಕೂಟ ಹುಟ್ಟಿತು. ಅದರ ಆಶ್ರಯದಲ್ಲಿ ಕುಣಿತದ ಗುಂಪುಗಳು ಬೆಳೆದವು, ಹೆಜ್ಜೆಗಳನ್ನು ಬರೆದಿಟ್ಟವು, ಹಳೆಯ ರಾಗಗಳಿಗೆ ಹೊಸ ವಿನ್ಯಾಸಗಳನ್ನು ಕಟ್ಟಿದವು. ಪಕ್ಕದಲ್ಲಿ ನಾಜಿ ಜರ್ಮನಿ ಬೆಳೆಯುತ್ತಿದ್ದಾಗ ‘ಮಾನಸಿಕ ರಾಷ್ಟ್ರರಕ್ಷಣೆ’ ಎಂಬ ನೀತಿ ಬಂತು. ಸ್ವಿಸ್ ಎಂಬುದು ಜರ್ಮನ್ ಅಲ್ಲ ಎಂದು ತೋರಿಸಲು ಉಡುಪು, ದನಿಯನ್ನು ಥಟ್ಟನೆ ಏರಿಳಿಸಿ ಹಾಡುವ ಯೋಡಲ್, ಲೆಂಡ್ಲರ್ ಎಲ್ಲ ದೇಶದ ಗುರುತಾದವು. ಆ ಕಾಲದ ಭಯ ನಿಜವಾದದ್ದು, ಆ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬೆಲೆಯೂ ತೆರಬೇಕಾಯಿತು. ನಾಲ್ಕು ಜೋಡಿ, ಎಂಟು ಜೋಡಿ ಒಂದೇ ಉಡುಪಿನಲ್ಲಿ ಒಂದೇ ಸಲ ತಿರುಗುವ ವೇದಿಕೆಯ ಕುಣಿತ ‘ಶುದ್ಧ’ ಎನಿಸಿಕೊಂಡಿತು, ಹೋಟೆಲಿನ ಹಲಗೆಯ ಮೇಲೆ ಬೆವರು ಸುರಿಸುವ ಕುಣಿತ ಕೀಳೆನಿಸಿತು. 1939ರ ಜ್ಯೂರಿಕ್ ರಾಷ್ಟ್ರೀಯ ಪ್ರದರ್ಶನದಲ್ಲಿ ಒಂದು ಕಡೆ ಉಡುಪಿನ ಮೆರವಣಿಗೆ ಇತ್ತು. ಇನ್ನೊಂದು ಕಡೆ, ಬರ್ಲಿನ್‌ನಲ್ಲಿ ಹೆಸರು ಮಾಡಿ ಮರಳಿದ್ದ ಸ್ವಿಸ್ ಬ್ಯಾಂಡ್ ನಾಯಕ ಟೆಡ್ಡಿ ಸ್ಟಾಫರ್‌ನ ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ ಯುವಕರು ಮುಗಿಬಿದ್ದರು.

ಈ ಶುದ್ಧತೆಯ ಮಾತಿನಲ್ಲಿ ಮರೆಯಾದವರನ್ನು ಹೆಸರಿಸಲೇಬೇಕು. ಗ್ರೌಬುಂಡೆನ್‌ನ ಅತ್ಯಂತ ಪ್ರಸಿದ್ಧ ಕುಣಿತದ ವಾದಕ ಫ್ರಾಂತ್ಸ್ ಜೋಸೆಫ್ ವಾಸರ್ (1858–1895). ಜನ ‘ಫ್ರೆನ್ಸ್‌ಲಿ’ ಎನ್ನುತ್ತಿದ್ದರು. ಕುರುಡ, ಪಿಟೀಲುಗಾರ, ಅಲೆಮಾರಿ ಯೆನಿಷ್ ಸಮುದಾಯದವನು. ಎಂಗಡೀನ್ ಕಣಿವೆಯ ಕುಣಿತಗಳಿಗೆ ಅವನ ಮೇಳ ನುಡಿಸಿದ ರಾಗಗಳನ್ನು ಇಂದಿಗೂ ‘ಫ್ರೆನ್ಸ್‌ಲಿ ಸಂಗೀತ’ ಎನ್ನುತ್ತಾರೆ, ಚ್‌ಲಿನ್ ಊರಿನ ಒಂದು ಮೇಳ ಆ ಹೆಸರನ್ನೇ ಹೊತ್ತಿದೆ. ಊರೂರು ತಿರುಗುವ ಇಂಥ ಯೆನಿಷ್ ವಾದಕರಿಲ್ಲದೆ ಸ್ವಿಸ್ ಕುಣಿತದ ಸಂಗೀತ ಇಷ್ಟು ಶ್ರೀಮಂತವಾಗುತ್ತಿರಲಿಲ್ಲ. ಆದರೆ ಅದೇ 1926ರಲ್ಲಿ ಪ್ರೊ ಯುವೆಂಟ್ಯೂಟ್ ಎಂಬ ಪ್ರತಿಷ್ಠಾನದ ಕಾರ್ಯಕ್ರಮವೊಂದು ಆರಂಭವಾಗಿ, 1973ರವರೆಗೆ ಸುಮಾರು 600 ಯೆನಿಷ್ ಮಕ್ಕಳನ್ನು ತಂದೆ ತಾಯಿಯರಿಂದ ಕಿತ್ತುಕೊಂಡಿತು. 1986ರಲ್ಲಿ ಸ್ವಿಸ್ ರಾಷ್ಟ್ರಾಧ್ಯಕ್ಷರು ಕ್ಷಮೆ ಕೇಳಿದರು. ಮಕ್ಕಳನ್ನು ಕಿತ್ತುಕೊಂಡಾಗ ಅಪ್ಪನಿಂದ ಮಗನಿಗೆ ಸಾಗುವ ಪಿಟೀಲೂ ಕಿತ್ತುಹೋಯಿತು. ಉಡುಪಿನ ಮೆರವಣಿಗೆಯ ಇತಿಹಾಸ ಹೇಳುವವರು ಇದನ್ನೂ ಹೇಳಬೇಕೆಂಬುದು ನನ್ನ ಒತ್ತಾಯ.

ಉಳಿಸಿದವರಲ್ಲಿ ಹ್ಯಾನಿ ಕ್ರಿಸ್ಟೆನ್ (1899–1976) ಎಂಬಾಕೆಯ ಕೆಲಸ ದೊಡ್ಡದು. ಬಾಸೆಲ್ ಸೀಮೆಯ ಈಕೆ ಹಳ್ಳಿ ಹಳ್ಳಿ ಸುತ್ತಿ, ಮುದುಕ ವಾದಕರ ಕೈಬರಹದ ನೋಟ್‌ಪುಸ್ತಕಗಳನ್ನು ಹುಡುಕಿ, ಹತ್ತು ಸಾವಿರಕ್ಕೂ ಹೆಚ್ಚು ಕುಣಿತದ ರಾಗಗಳನ್ನು ಕೂಡಿಸಿದಳು. ಬದುಕಿದ್ದಾಗ ಮನ್ನಣೆ ಕಡಿಮೆ. 2002ರಲ್ಲಿ ಆ ಸಂಗ್ರಹ ಹತ್ತು ಸಂಪುಟಗಳಲ್ಲಿ ಅಚ್ಚಾದ ಮೇಲೆ ಯುವ ವಾದಕರು ಅಕಾರ್ಡಿಯನ್ ಪೂರ್ವದ ರಾಗಗಳನ್ನು ಮತ್ತೆ ನುಡಿಸತೊಡಗಿದರು. ಇಂದು ಲುಸರ್ನ್‌ನ ಸಂಗೀತ ವಿಶ್ವವಿದ್ಯಾಲಯದಲ್ಲಿ ಜನಪದ ಸಂಗೀತವನ್ನೇ ಮುಖ್ಯ ವಿಷಯವಾಗಿ ಓದಬಹುದು.

ಸ್ಪರ್ಧೆಯ ಬಾಲ್‌ರೂಮ್ ಬಗ್ಗೆ ಒಂದೇ ಮಾತು: ವಿಶ್ವ ಡ್ಯಾನ್ಸ್‌ಸ್ಪೋರ್ಟ್ ಒಕ್ಕೂಟದ ನೆಲೆ ಲೋಸಾನ್‌ನಲ್ಲಿದೆ, ಒಲಿಂಪಿಕ್ ಸಮಿತಿಯ ಊರಿನಲ್ಲೇ. 1997ರಲ್ಲಿ ಆ ಸಮಿತಿಯ ಪೂರ್ಣ ಮಾನ್ಯತೆಯೂ ಸಿಕ್ಕಿತು. ಆದರೆ ಅದು ಕ್ರೀಡೆಯ ಆಡಳಿತದ ಕತೆ, ಸ್ವಿಸ್ ಜನರ ಕಾಲಿನದಲ್ಲ.

ನಿಮ್ಮ ಪ್ರಯಾಣಕ್ಕೆ ಬರೋಣ. ಹೋಟೆಲುಗಳು ಏರ್ಪಡಿಸುವ ‘ಜನಪದ ಸಂಜೆ’ಗಳಲ್ಲಿ ಉಡುಪು ಚೆನ್ನಾಗಿ ಕಾಣುತ್ತದೆ, ಕುಣಿತ ಅಷ್ಟಾಗಿ ಅಲ್ಲ. ಅದರ ಬದಲು ‘ಷ್ಟೂಬೆಟೆ’ ಎಂಬ ಪ್ರಕಟಣೆಯನ್ನು ಹುಡುಕಿ. ಅದು ಹಳ್ಳಿಯ ಹೋಟೆಲಿನಲ್ಲೋ ಬೆಟ್ಟದ ಮೇಲಿನ ಉಪಾಹಾರ ಗೃಹದಲ್ಲೋ ವಾದಕರು ಸೇರಿ ನುಡಿಸುವ, ಯಾರು ಬೇಕಾದರೂ ಕುಣಿಯಬಹುದಾದ ಕೂಟ. ಅಪೆನ್‌ತ್ಸೆಲ್, ಟೋಗೆನ್‌ಬುರ್ಗ್, ಶ್ವೀಟ್ಸ್ ಕಡೆ ಹೆಚ್ಚು. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಹೋದರೆ ಅನೇಕ ಊರುಗಳ ಕಿಲ್ಬಿ ಸಿಗುತ್ತದೆ, ಫೆಬ್ರವರಿಯ ಸುಮಾರಿಗಾದರೆ ಕಾರ್ನಿವಲ್. ವೆವೇ ಊರಿನ ದ್ರಾಕ್ಷಿ ಬೆಳೆಗಾರರ ಮಹೋತ್ಸವ ತಲೆಮಾರಿಗೊಮ್ಮೆ ಮಾತ್ರ. ಕಳೆದದ್ದು 2019ರಲ್ಲಿ, ಅದನ್ನು ನೆಚ್ಚಿ ಟಿಕೆಟ್ ಮಾಡಬೇಡಿ.

ಮೇಳದವರು ಸಾಮಾನ್ಯವಾಗಿ ಮೂರು ತುಣುಕುಗಳನ್ನು ಒಂದರ ಹಿಂದೊಂದು ನುಡಿಸಿ ಸ್ವಲ್ಪ ನಿಲ್ಲಿಸುತ್ತಾರೆ, ಜೋಡಿ ಬದಲಾಗುವುದು ಆ ವಿರಾಮದಲ್ಲಿ. ಮೂರು ಎಣಿಕೆ ಕೇಳಿಸಿ, ಗತಿ ಓಡುತ್ತಿದ್ದರೆ ವಾಲ್ಟ್ಸ್, ತಡೆದು ತಡೆದು ತೂಗುತ್ತಿದ್ದರೆ ಲೆಂಡ್ಲರ್. ಎರಡು ಎಣಿಕೆಯಲ್ಲಿ ಚುರುಕಾದದ್ದು ಪೋಲ್ಕಾ, ನಿಧಾನವಾದದ್ದು ಶೊಟಿಶ್. ಕಲಿಯಲು ಶೊಟಿಶ್‌ನಿಂದ ಶುರುಮಾಡಿ, ಅರ್ಧ ಗಂಟೆಯಲ್ಲಿ ಕಾಲಿಗೆ ಹತ್ತುತ್ತದೆ. ಅಟ್ಟೆ ಸ್ವಲ್ಪ ಜಾರುವಂಥ ಚಪ್ಪಟೆ ಬೂಟು ಹಾಕಿಕೊಳ್ಳಿ. ರಬ್ಬರ್ ಅಟ್ಟೆಯ ಓಟದ ಬೂಟು ಹಲಗೆಗೆ ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಯಾರಾದರೂ ಬೊಡೆಲೆ ಶುರುಮಾಡಿದರೆ ಅವರಿಗೆ ಜಾಗ ಬಿಟ್ಟು ಅಂಚಿಗೆ ಸರಿದು ನೋಡಿ.